ಫೋನಿನ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ನಮ್ಮ ಫಾರ್ಮಿನ ಖಾನೆಗಳ ಹೆಸರು ಓದ್ತಿಲ್ಲ, ಏನು ಬದಲಿಸಬೇಕು?

ಭೀಮಾತೀರ: ಕಲಬುರಗಿಯ ತರಬೇತಿ ಕೇಂದ್ರವೊಂದರ ಪ್ರವೇಶ ಅರ್ಜಿ. ತುಂಬೋರೆಲ್ಲ ಫೋನಿನಲ್ಲೇ, ಹೆಚ್ಚಾಗಿ ಕನ್ನಡದಲ್ಲಿ. ಟಾಕ್‌ಬ್ಯಾಕ್ ಬಳಸೋರಿಗೆ ಬರೀ ‘ಎಡಿಟ್ ಬಾಕ್ಸ್’ ಅಂತ ಕೇಳ್ತದೆ. ಕನ್ನಡದಲ್ಲಿ ಹೆಸರು ಬರೆದರೆ ತಗೊಳ್ಳಲ್ಲ. ತಪ್ಪಾದಾಗ ಕೆಂಪು ಅಂಚು ಬರ್ತದೆ, ಏನು ತಪ್ಪು ಅಂತ ತಿಳಿಯಲ್ಲ. ಹೆಸರಿಗೆ ಎ-ಝಡ್ ಪ್ಯಾಟರ್ನ್ (ಇಂಗ್ಲಿಷ್ ಅಕ್ಷರ ಮಾತ್ರ ಅನ್ನೋ ನಿಯಮ), ಮೊಬೈಲಿಗೆ ಟೈಪ್ ನಂಬರ್ ಇದೆ.

ಸೇಡಂ_ಫ್ರಂಟೆಂಡ್: ಡಿವ್‌ನಾಗ (ಬರೀ ಡಬ್ಬಿಯಂಥ ಟ್ಯಾಗ್) ‘ಹೆಸರು’ ಅಂತ ಬರದ್ರ ಕಣ್ಣಿಗೆ ಕಾಣ್ತದ, ಬ್ರೌಸರಿಗೆ ಅದು ಯಾವ ಖಾನೇದು ಗೊತ್ತಾಗಂಗಿಲ್ಲ. ಲೇಬಲ್ ಟ್ಯಾಗ್ ಹಾಕ್ರಿ. ಅದರ ‘ಫಾರ್’ ಮತ್ತ ಇನ್‌ಪುಟ್‌ನ ಐಡಿ ಒಂದೇ ಇರ್ಲಿ. ಕಾಪಿ ಹೊಡದಾಗ ಒಂದೇ ಐಡಿ ಎರಡು ಕಡೆ ಉಳದ್ರ, ಎರಡೂ ಲೇಬಲ್ ಮೊದಲನೇ ಖಾನೆಗೇ ಹೋಗ್ತಾವ. 371(ಜೆ), ಅಂದ್ರ ಕಲ್ಯಾಣ ಕರ್ನಾಟಕದ ಮೀಸಲಾತಿ ಪ್ರಶ್ನಿಗೆ ರೇಡಿಯೋ ಬಟನ್ ಇದ್ರ ಫೀಲ್ಡ್‌ಸೆಟ್ (ಬಟನ್‌ಗಳ ಗುಂಪು) ಒಳಗ ಲೆಜೆಂಡ್ (ಆ ಗುಂಪಿನ ಪ್ರಶ್ನಿ) ಬೇಕೇ ಬೇಕು. ಇಲ್ಲಂದ್ರ ‘ಹೌದು’, ‘ಇಲ್ಲ’ ಅಷ್ಟೇ ಕೇಳ್ತದ, ಯಾವುದಕ್ಕ ಹೌದು? ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ (ಪುಟದ ಭಾಷೆ) ‘ಕೆಎನ್’, ಅಂದ್ರ ಕನ್ನಡ, ಅದನೋ ಇಲ್ಲೋ ಅದನ್ನೂ ನೋಡ್ರಿ.

ಭೀಮಾತೀರ: ಏರಿಯಾ-ಲೇಬಲ್ (ಕಣ್ಣಿಗೆ ಕಾಣದೆ ಟಾಕ್‌ಬ್ಯಾಕಿಗೆ ಮಾತ್ರ ಸಿಗೋ ಹೆಸರು) ಹಾಕಿದರೆ ಸಾಲದಾ?

ಸೇಡಂ_ಫ್ರಂಟೆಂಡ್: ಓದೋದು ಓದ್ತದ್ರಿ. ಆದ್ರ ನಿಜವಾದ ಲೇಬಲ್ ಮ್ಯಾಲೆ ಬೆರಳಿಟ್ರೂ ಖಾನೆ ತೆರೀತದ. ಸಣ್ಣ ರೇಡಿಯೋ ಬಟನ್ನಿಗೆ ಅದು ಭಾಳ ಉಪಯೋಗ.

ಬೀದರಿ_ಕೋಡ್: ಹೆಸರಿನ ಪ್ಯಾಟರ್ನ್ ತೆಗೆದೇ ಬಿಡಿ. ಯೂನಿಕೋಡ್‌ನ ‘ಅಕ್ಷರ’ ವರ್ಗಕ್ಕೆ ಬದಲಿಸಿದರೂ ಕೆಲಸ ಕೆಡುತ್ತದೆ, ಯಾಕೆಂದರೆ ಗುಣಿತದ ಚಿಹ್ನೆಗಳು ಮತ್ತು ಅರ್ಧಾಕ್ಷರದ ಚಿಹ್ನೆ ‘ಮಾರ್ಕ್’ ವರ್ಗದಲ್ಲಿವೆ. ಮ್ಯಾಕ್ಸ್‌ಲೆಂತ್ (ಗರಿಷ್ಠ ಅಕ್ಷರಗಳ ಮಿತಿ) ಕೂಡ ಹಾಗೇ: ‘ಕ್ಷ’ ಕಣ್ಣಿಗೆ ಒಂದು, ಎಣಿಕೆಗೆ 3. 20 ಅಂತ ಇಟ್ಟರೆ ತಂದೆ ಹೆಸರು, ಅಡ್ಡಹೆಸರು ಸೇರಿದಾಗ ಅರ್ಧಕ್ಕೇ ನಿಲ್ಲುತ್ತದೆ. ಖಾನೆಗೆ ಪಿಕ್ಸೆಲ್‌ನಲ್ಲಿ ಎತ್ತರ ಕಟ್ಟಬೇಡಿ, ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ.

ಮೊಬೈಲಿಗೆ ಟೈಪ್ ‘ಟೆಲ್’, ಆಟೋಕಂಪ್ಲೀಟ್ (ಫೋನೇ ತುಂಬಿಕೊಡುವುದು) ‘ಟೆಲ್’. ಟೈಪ್ ನಂಬರ್ ಆದರೆ ಮ್ಯಾಕ್ಸ್‌ಲೆಂತ್ ಲೆಕ್ಕಕ್ಕಿಲ್ಲ, ಕಂಪ್ಯೂಟರಿನಲ್ಲಿ ಮೌಸ್ ಚಕ್ರ ತಿರುಗಿದರೆ ಅಂಕಿಯೇ ಬದಲಾಗಬಹುದು. +91 ಮತ್ತು ಖಾಲಿ ಜಾಗವನ್ನು ಸರ್ವರ್‌ನಲ್ಲಿ ತೆಗೆಯಿರಿ, ತುಂಬುವವರ ತಲೆಗೆ ಕಟ್ಟಬೇಡಿ. ಪಿನ್‌ಕೋಡಿಗೆ ಟೈಪ್ ಟೆಕ್ಸ್ಟ್, ಇನ್‌ಪುಟ್‌ಮೋಡ್ ‘ನ್ಯೂಮರಿಕ್’. ಕನ್ನಡ ಕೀಬೋರ್ಡಿನಿಂದ ೫೮೫೧೦೧ ಅಂತಲೂ ಬರುತ್ತದೆ. 0-9 ಅಂಕಿ ಮಾತ್ರ ಒಪ್ಪುವ ಬ್ಯಾಕ್‌ಸ್ಲ್ಯಾಷ್-ಡಿ ಪ್ಯಾಟರ್ನ್ ಅದನ್ನು ಒಪ್ಪದು. ಅದನ್ನೂ ಸರ್ವರ್‌ನಲ್ಲೇ 585101 ಮಾಡಿಕೊಳ್ಳಿ.

ಯಾದಗಿರಿ_ಟ್ಯಾಬ್: ತಪ್ಪಿನ ಸಂದೇಶದ ಬಗ್ಗೆ: ರಿಕ್ವೈರ್ಡ್ (ತುಂಬಲೇಬೇಕು ಅನ್ನುವ ಗುರುತು) ಹಾಕಿದರೆ ಬರುವ ಮಾತು ಬ್ರೌಸರಿನ ಭಾಷೆಯಲ್ಲಿರುತ್ತದೆ, ನಿಮ್ಮ ಪುಟದ ಭಾಷೆಯಲ್ಲಲ್ಲ. ಹಾಗಾಗಿ ಫಾರ್ಮಿಗೆ ನೋವ್ಯಾಲಿಡೇಟ್ (ಬ್ರೌಸರ್ ತಾನೇ ಪರೀಕ್ಷಿಸಬೇಡ ಅನ್ನುವ ಗುರುತು) ಕೊಟ್ಟು, ಖಾನೆಯ ಪಕ್ಕದಲ್ಲೇ ನೀವೇ ಬರೆಯಿರಿ: ‘ಪಿನ್‌ಕೋಡ್ 6 ಅಂಕಿ ಇರಬೇಕು, ಇಲ್ಲಿ 5 ಇವೆ’. ಆ ಸಾಲಿಗೆ ಐಡಿ ಕೊಟ್ಟು ಇನ್‌ಪುಟ್‌ನ ಏರಿಯಾ-ಡಿಸ್ಕ್ರೈಬ್ಡ್‌ಬೈನಲ್ಲಿ ಅದೇ ಐಡಿ ಹಾಕಿ, ಏರಿಯಾ-ಇನ್‌ವ್ಯಾಲಿಡ್ (ಖಾನೆ ತಪ್ಪಾಗಿದೆ ಅನ್ನುವ ಗುರುತು) ‘ಟ್ರೂ’ ಮಾಡಿ. ಸಲ್ಲಿಸಿದ ಮೇಲೆ ಫೋಕಸ್ ಮೊದಲ ತಪ್ಪು ಖಾನೆಗೆ ಹೋಗಲಿ. ಸಂದೇಶದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಲಿ. ಎಲ್ಲ ತುಂಬುವ ತನಕ ‘ಸಲ್ಲಿಸಿ’ ಬಟನ್ ಮುಚ್ಚಿಡುವ ಚಟ ಬಿಡಿ. ಏನು ಬಾಕಿ ಅಂತ ಅದು ಯಾರಿಗೂ ಹೇಳುವುದಿಲ್ಲ.