'ದಿ ಜೆಫರ್ಸನ್ಸ್' ನೋಡುತ್ತಿದ್ದೇನೆ, ಈ ಜಾರ್ಜ್ ಯಾಕೆ ಯಾವಾಗಲೂ ಉರಿಯುತ್ತಿರುತ್ತಾನೆ?

ದಾವಣಗೆರೆ_ಟು_ಡಲ್ಲಾಸ್:

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ, ಆಫ್ರಿಕನ್ ಅಮೆರಿಕನ್, ಎಪ್ಪತ್ತು ದಾಟಿದವರು. ಹೋದ ತಿಂಗಳು ನಾವು ಈ ಮನೆ ತಗೊಂಡು ಲಾರಿಯಿಂದ ಸಾಮಾನು ಇಳಿಸುತ್ತಿದ್ದಾಗ ಅವರು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುತ್ತಾ ಒಂದು ಹಾಡು ಹೇಳಿದರು. ಏನದು ಅಂತ ಕೇಳಿದೆ. 'ದಿ ಜೆಫರ್ಸನ್ಸ್' ಅಂತ ಒಂದು ಹಳೇ ಟಿವಿ ಕಾಮಿಡಿ, ಅದರ ಹಾಡು, ಹೊಸ ಮನೆಗೆ ಬಂದವರಿಗೆ ನಾನು ಇದನ್ನೇ ಹೇಳೋದು ಅಂದರು. ತುಂಬಾ ಖುಷಿಯಾಯಿತು. ಅದಕ್ಕೇ ನೋಡಲು ಕೂತೆ.

ಆದರೆ ಮಧ್ಯದಿಂದ ಮೂರು ಎಪಿಸೋಡ್ ನೋಡಿದರೂ ನನಗೆ ಹಿಡಿಸಲಿಲ್ಲ. ಜಾರ್ಜ್ ಜೆಫರ್ಸನ್ ಅನ್ನೋ ಮನುಷ್ಯ ಬಾಯಿ ತೆರೆದರೆ ಬೈಗುಳ. ಒಬ್ಬ ಇಂಗ್ಲಿಷ್ ನೆರೆಯವನು ಪಾಪ ಮಾತಾಡುತ್ತಾ ನಿಂತಿರುತ್ತಾನೆ, ಇವನು ಅವನ ಮುಖಕ್ಕೇ ಬಾಗಿಲು ಹಾಕುತ್ತಾನೆ. ಮೇಲಿನ ಮಹಡಿಯ ಬಿಳಿಯ ಗಂಡ, ಕಪ್ಪು ಹೆಂಡತಿಯನ್ನು ಕಂಡರಂತೂ ಸುಮ್ನೆ ಕೆಣಕುತ್ತಾನೆ. ಮನೆಕೆಲಸದವಳ ಜೊತೆ ದಿನಾ ಜಗಳ. ದುಡ್ಡು ಬಂದ ಮೇಲೆ ಇಷ್ಟು ಜಂಬ ಬೇಕಾ? ನಮ್ಮ ಮೇಷ್ಟ್ರು ಬಹಳ ಮೆದು ಮಾತಿನವರು, ಅವರಿಗೆ ಈ ಮನುಷ್ಯನ ಮೇಲೆ ಇಷ್ಟೊಂದು ಪ್ರೀತಿ ಯಾಕೆ? ಅವರನ್ನೇ ಕೇಳಲು ಸಂಕೋಚ. ತಿಳಿದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಎಡಿಸನ್_ಅಜ್ಜಿ:

ನಾನು ಮದುವೆಯಾಗಿ ನ್ಯೂಜೆರ್ಸಿಗೆ ಬಂದಿದ್ದು 1983ರಲ್ಲಿ. ಆಗ ಇದು ಭಾನುವಾರ ರಾತ್ರಿ ಸಿಬಿಎಸ್‌ನಲ್ಲಿ ಬರುತ್ತಿತ್ತು. ನನಗೆ ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಆದರೂ ತಪ್ಪಿಸುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮಧ್ಯದಿಂದ ನೋಡಿದ್ದೇ ತೊಂದರೆ. ಜಾರ್ಜ್ ಎಲ್ಲಿಂದ ಬಂದ ಅಂತ ಗೊತ್ತಿಲ್ಲದಿದ್ದರೆ ಅವನು ಬರೀ ಜಗಳಗಂಟ. ಈ ಕುಟುಂಬ ಮೊದಲು ಕಾಣಿಸಿಕೊಂಡಿದ್ದು 'ಆಲ್ ಇನ್ ದಿ ಫ್ಯಾಮಿಲಿ' ಅನ್ನೋ ಇನ್ನೊಂದು ಧಾರಾವಾಹಿಯಲ್ಲಿ, 1971ರಲ್ಲಿ. ಅದರಲ್ಲಿ ಆರ್ಚಿ ಬಂಕರ್ ಅಂತ ಒಬ್ಬ ಬಿಳಿಯ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ, ಕಪ್ಪು ಜನರನ್ನು ಕಂಡರೆ ಆಗದು. ಅವನ ಪಕ್ಕದ ಮನೆಗೆ ಬಂದವರೇ ಜೆಫರ್ಸನ್‌ಗಳು. ಹೆಂಡತಿ ಲೂಯಿಸ್, ಮಗ ಲಯನೆಲ್ ಬಂದು ಹೋಗುತ್ತಿದ್ದರು, ಜಾರ್ಜ್ ಮಾತ್ರ ಎರಡು ವರ್ಷ ಕಾಣಲೇ ಇಲ್ಲ. ಬಿಳಿಯನ ಮನೆ ಹೊಸಿಲು ತುಳಿಯಲ್ಲ ಅಂತ ಅವನ ಹಟ ಎಂದು ಕಥೆಯಲ್ಲಿ ಹೇಳುತ್ತಿದ್ದರು. ನಿಜವಾದ ಕಾರಣ ಬೇರೆ. ನಿರ್ಮಾಪಕ ನಾರ್ಮನ್ ಲಿಯರ್‌ಗೆ ಆ ಪಾತ್ರಕ್ಕೆ ಶೆರ್ಮನ್ ಹೆಮ್ಸ್‌ಲಿಯೇ ಬೇಕಿತ್ತು, ಅವರು ಬ್ರಾಡ್‌ವೇ ನಾಟಕದಲ್ಲಿದ್ದರು, ಅದಕ್ಕೇ ಕಾದರು. 1973ರಲ್ಲಿ ಜಾರ್ಜ್ ಬಂದ. 1975ರ ಜನವರಿಯಲ್ಲಿ ಅವರಿಗೇ ಸ್ವಂತ ಧಾರಾವಾಹಿ ಆಯಿತು.

ಈಗ ಅವನ ಕೋಪದ ಮಾತು. ಅವನದ್ದು ಬಟ್ಟೆ ಡ್ರೈಕ್ಲೀನಿಂಗ್ ವ್ಯಾಪಾರ. ಅಪಘಾತದ ಪರಿಹಾರವಾಗಿ ಬಂದ ದುಡ್ಡಿನಿಂದ ಒಂದಂಗಡಿ ಹಾಕಿ, ಒಂದರ ಮೇಲೊಂದು ಬೆಳೆಸಿ, ಕ್ವೀನ್ಸ್ ಬಿಟ್ಟು ಮ್ಯಾನ್‌ಹ್ಯಾಟನ್‌ನ ಎತ್ತರದ ಕಟ್ಟಡಕ್ಕೆ ಬಂದಿದ್ದಾನೆ. ಯಾವತ್ತು ಯಾರು ಬಂದು ಇದು ನಿನ್ನ ಜಾಗ ಅಲ್ಲ ಅಂತಾರೋ ಅನ್ನೋ ಭಯ ಅವನ ಎದೆಯಿಂದ ಹೋಗಿಲ್ಲ. ಅದಕ್ಕೇ ಮೊದಲೇ ಬಾಗಿಲು ಹಾಕುತ್ತಾನೆ. 'ದಿ ಫಸ್ಟ್ ಸ್ಟೋರ್' ಅಂತ 1980ರ ಒಂದು ಎಪಿಸೋಡ್ ಇದೆ, ಕಥೆ 1968ಕ್ಕೆ ಹಿಂದೆ ಹೋಗುತ್ತದೆ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ದಿನಗಳಿಗೆ. ಅದನ್ನು ನೋಡಿದ ಮೇಲೆ ನನಗೆ ಅವನ ಕೂಗಾಟ ಬೇರೆ ಥರ ಕೇಳಿಸತೊಡಗಿತು.

ಇನ್ನೊಂದು ವಿಷಯ. ಆಗ ಟಿವಿಯಲ್ಲಿ ಕಪ್ಪು ಕುಟುಂಬ ಅಂದರೆ ಬಡತನವೇ. ಲಿಯರ್ ಅವರದೇ 'ಗುಡ್ ಟೈಮ್ಸ್' 1974ರಲ್ಲಿ ಶುರುವಾಗಿತ್ತು, ಶಿಕಾಗೋದ ಸರ್ಕಾರಿ ವಸತಿಯಲ್ಲಿರುವ ಕುಟುಂಬ, ಅಪ್ಪ ಕೆಲಸಕ್ಕಾಗಿ ಒದ್ದಾಡುತ್ತಲೇ ಇರುತ್ತಾನೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ತಮ್ಮ ಆಫೀಸಿಗೇ ಬಂದು, ನಮ್ಮವರನ್ನು ಯಾವಾಗಲೂ ಬಡವರಾಗಿಯೇ ಯಾಕೆ ತೋರಿಸುತ್ತೀರಿ ಅಂತ ತರಾಟೆಗೆ ತಗೊಂಡಿದ್ದನ್ನು ಲಿಯರ್ ತಾವೇ ಹೇಳಿಕೊಂಡಿದ್ದಾರೆ. ಗೆದ್ದ ಕಪ್ಪು ಮನುಷ್ಯನೊಬ್ಬ, ಅದೂ ಯಾರಿಗೂ ಬಗ್ಗದೆ, ಎದೆಯುಬ್ಬಿಸಿ ತೋಳು ಬೀಸಿಕೊಂಡು ತನ್ನದೇ ಮನೆಯಲ್ಲಿ ಓಡಾಡುವುದನ್ನು ನಿಮ್ಮ ಮೇಷ್ಟ್ರು ಇಪ್ಪತ್ತರ ಆಸುಪಾಸಿನಲ್ಲಿ ನೋಡಿರುತ್ತಾರೆ. ಪ್ರೀತಿ ಯಾಕೆ ಅಂತ ಕೇಳಿದಿರಲ್ಲ, ಇದಕ್ಕೇ. ಹೆಮ್ಸ್‌ಲಿಯ ಆ ನಡಿಗೆಯನ್ನು ಗಮನಿಸಿ ನೋಡಿ.

ಮೊದಲ ಎಪಿಸೋಡಿನಿಂದಲೇ ಶುರು ಮಾಡಿ. ಅತ್ತೆಯ ಪಾತ್ರವನ್ನು ಮಾತ್ರ ತಪ್ಪಿಸಬೇಡಿ. ಆ ಪಾತ್ರ ಮಾಡಿದ ಜಾರಾ ಕಲ್ಲಿ ಅವರಿಗೆ ಆಗಲೇ 80 ದಾಟಿತ್ತು, 1978ರಲ್ಲಿ ತೀರಿಕೊಂಡರು. ಮಗನ ಮೇಲೆ ಮುದ್ದು, ಸೊಸೆಗೆ ಚುಚ್ಚು. ನನಗೆ ಅನುವಾದವೇ ಬೇಕಾಗಿರಲಿಲ್ಲ.

ಸಂಜೆ_ಕಾಫಿ:

ಅಜ್ಜಿ ಹೇಳಿದ್ದು ಒಪ್ಪುತ್ತೇನೆ, ಒಂದು ವಿಷಯ ಬಿಟ್ಟು. ಮೇಲಿನ ಮಹಡಿಯ ಆ ವಿಲ್ಲಿಸ್ ದಂಪತಿಗೆ ಜಾರ್ಜ್ ಆಡುವ ಮಾತು ನನಗೆ ಇವತ್ತಿಗೂ ಸಹಿಸಲು ಆಗದು. ಅವರ ಮಕ್ಕಳನ್ನು 'ಜೀಬ್ರಾ' ಅನ್ನುತ್ತಾನೆ. ಭಯ ಇತ್ತು, ನೋವು ಇತ್ತು, ಸರಿ. ಮಕ್ಕಳೇನು ಮಾಡಿದ್ದರು? ಆದರೆ ಒಂದು ಮಾತು ನಿಜ, ಬರೆದವರೂ ಅವನನ್ನು ಸರಿ ಅಂತ ತೋರಿಸುವುದಿಲ್ಲ. ಪ್ರತಿ ಸಲ ಲೂಯಿಸ್ ಅವನನ್ನು ನಿಲ್ಲಿಸಿ ಕೇಳುತ್ತಾಳೆ. ಅವನ ಮಗ ಮದುವೆಯಾಗುವುದೂ ಆ ಮನೆಯ ಹುಡುಗಿಯನ್ನೇ.

ಆ ಜೋಡಿಯನ್ನು ತೋರಿಸಿದ್ದೇ ಆಗ ದೊಡ್ಡ ಧೈರ್ಯ. ಕಪ್ಪು-ಬಿಳಿ ಮದುವೆಗೆ ಅಡ್ಡಿಯಾಗಿದ್ದ ರಾಜ್ಯ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ಎಂಟೇ ವರ್ಷಕ್ಕೆ ಅಂಥ ಗಂಡ ಹೆಂಡತಿ ವಾರವಾರವೂ ಜನರ ಮನೆಯೊಳಗೆ ಬಂದರು. ಹೆಲೆನ್ ವಿಲ್ಲಿಸ್ ಪಾತ್ರಕ್ಕೆ ರಾಕ್ಸಿ ರೋಕರ್ ಅವರನ್ನು ಆರಿಸುವಾಗ, ಬಿಳಿಯ ಗಂಡನ ಹೆಂಡತಿಯಾಗಿ ನಟಿಸಲು ನಿಮಗೆ ಮುಜುಗರ ಇಲ್ಲವಾ ಅಂತ ಕೇಳಿದರಂತೆ. ಅವರು ಪರ್ಸಿನಿಂದ ತಮ್ಮ ಗಂಡನ ಫೋಟೋ ತೆಗೆದು ತೋರಿಸಿದರು. ಗಂಡ ಬಿಳಿಯರು. ಗಾಯಕ ಲೆನ್ನಿ ಕ್ರಾವಿಟ್ಜ್ ಇವರ ಮಗ.

ಕುಕ್ಕರಹಳ್ಳಿ_ಕೆರೆ:

ಮೊದಲ ಎಪಿಸೋಡಿನ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ, ನಾನು ಬರೆಯುತ್ತೇನೆ. ನನಗೆ ಅದು ಬರೀ ಟಿವಿ ಅಲ್ಲ.

ಲೂಯಿಸ್ ಹೊಸ ಕಟ್ಟಡಕ್ಕೆ ಬಂದ ಮೇಲೆ ಡಯಾನ್ ಅನ್ನುವ ಹೆಂಗಸಿನ ಪರಿಚಯವಾಗುತ್ತದೆ. ಡಯಾನ್ ಅದೇ ಕಟ್ಟಡದಲ್ಲಿ ಮನೆಕೆಲಸ ಮಾಡುವವಳು. ಇಂಥ ಜಾಗದಲ್ಲಿ ಕಪ್ಪು ಹೆಂಗಸು ಕಂಡರೆ ಇನ್ನೇನು, ಲೂಯಿಸ್ ಕೂಡ ಕೆಲಸದವಳೇ ಅಂದುಕೊಂಡು ಆತ್ಮೀಯವಾಗಿ ಮಾತಾಡುತ್ತಾಳೆ. ಲೂಯಿಸ್ ಒಂದು ಕಾಲಕ್ಕೆ ಆ ಕೆಲಸ ಮಾಡಿದವಳೇ. ಜಾರ್ಜ್‌ಗೆ ಈ ಸ್ನೇಹ ಹಿಡಿಸದು. ನಾವೇ ಕೆಲಸದವಳನ್ನು ಇಟ್ಟುಕೊಳ್ಳಬೇಕಾದವರು, ಅವರ ಜೊತೆ ಒಡನಾಟ ಏನು ಅನ್ನುತ್ತಾನೆ.

ನಮ್ಮಮ್ಮ ಮೈಸೂರಿನಲ್ಲಿ ಮೂರು ಮನೆಗೆ ಅಡುಗೆ ಮಾಡಿ ನನ್ನನ್ನು ಓದಿಸಿದವರು. ನನಗೆ ಬೆಂಗಳೂರಿನಲ್ಲಿ ಕೆಲಸವಾಗಿ, ಸಾಲ ಮಾಡಿ ಒಂಬತ್ತನೇ ಮಹಡಿಯಲ್ಲಿ ಫ್ಲಾಟ್ ತಗೊಂಡೆವು. ಅಮ್ಮ ಅಲ್ಲಿಗೆ ಬಂದ ಒಂದು ವಾರಕ್ಕೆ ಮಹಡಿಯ ಎಲ್ಲ ಕೆಲಸದವರ ಹೆಸರು ಕಲಿತರು. ಹನ್ನೊಂದು ಗಂಟೆಗೆ ಅವರ ಕೆಲಸ ಮುಗಿದಾಗ ಮೆಟ್ಟಿಲ ಮೇಲೆ ಕೂತು, ಸ್ಟೀಲ್ ಲೋಟದಲ್ಲಿ ಟೀ ಹಿಡಿದು, ಅವರ ಜೊತೆ ಮಾತು. ಒಂದು ದಿನ ಎದುರು ಫ್ಲಾಟಿನವರು ಅಮ್ಮನನ್ನು ನೋಡಿ, "ನಮ್ಮನೆಗೂ ಬರ್ತೀರಾ, ಎಷ್ಟು ತಗೋತೀರಾ?" ಅಂತ ಕೇಳಿದರು. ಅಮ್ಮ ನಕ್ಕು, "ಈಗ ಬಿಟ್ಟಿದ್ದೀನಮ್ಮಾ" ಅಂದರು. ನಾನು ಒಳಗೆ ಬಂದು ಅಮ್ಮನ ಮೇಲೆ ಕೂಗಾಡಿದೆ. ಮೆಟ್ಟಿಲ ಮೇಲೆ ಕೂರಬೇಡ ಅಂದೆ. ಅಮ್ಮ ಏನೂ ಹೇಳದೆ ಆ ಲೋಟ ತೊಳೆದು ಬೋರಲು ಹಾಕಿದರು.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ ಈ ಎಪಿಸೋಡ್ ನೋಡಿದೆ. ಜಾರ್ಜ್ ಬಾಯಲ್ಲಿ ನನ್ನದೇ ಮಾತು. ಅವನು ಕೆಟ್ಟವನಲ್ಲ ಅಂತ ನಾನು ವಾದ ಮಾಡುವುದಿಲ್ಲ, ಆ ಕೋಪ ಎಲ್ಲಿಂದ ಬರುತ್ತದೆ ಅಂತ ಮಾತ್ರ ನನಗೆ ಗೊತ್ತು. ಹೆಂಡತಿಯ ಮೇಲೆ ಕೋಪ ಅಲ್ಲ ಅದು. ಇಷ್ಟು ಮೇಲೆ ಹತ್ತಿದರೂ ಜನ ಕೆಳಗಿನವರು ಅಂತಲೇ ನೋಡಿದರಲ್ಲ ಅಂತ.

ಆ ಎಪಿಸೋಡಿನ ಕೊನೆಗೆ ಫ್ಲಾರೆನ್ಸ್, ನೀವು ಹೇಳಿದ ಆ ಮನೆಕೆಲಸದವಳು, ಕೆಲಸ ಕೇಳಿಕೊಂಡು ಬರುತ್ತಾಳೆ. ಜೆಫರ್ಸನ್‌ಗಳ ಮನೆ ಇಲ್ಲೇ, ಹೆಲೆನ್ ಮನೆಯೂ ಇದೇ ಕಟ್ಟಡದಲ್ಲಿ ಅಂತ ಗೊತ್ತಾದಾಗ, ನಾವೆಲ್ಲ ಗೆದ್ದಾಯ್ತಾ, ನನಗೊಬ್ಬಳಿಗೆ ಯಾರೂ ಹೇಳಲೇ ಇಲ್ವಲ್ಲ ಅನ್ನುವ ಅರ್ಥದ ಮಾತೊಂದು ಹೇಳುತ್ತಾಳೆ. ನಾಗರಿಕ ಹಕ್ಕು ಚಳವಳಿಯಲ್ಲಿ ಜನ ಒಂದಲ್ಲ ಒಂದು ದಿನ ಗೆಲ್ಲುತ್ತೇವೆ ಅಂತ ಹಾಡುತ್ತಿದ್ದರಲ್ಲ, ಅದನ್ನೇ ಹಿಡಿದು ಆಡಿದ ಮಾತು. ಸ್ಟುಡಿಯೋದಲ್ಲಿ ಕೂತ ಜನ ಘೊಳ್ಳೆಂದು ನಗುತ್ತಾರೆ. ನಾನು ಅಲ್ಲಿ ನಿಲ್ಲಿಸಿ ಎದ್ದು ಹೋದೆ, ಸ್ವಲ್ಪ ಹೊತ್ತು ಆಗಲಿಲ್ಲ.

ಫ್ಲಾರೆನ್ಸ್ ಪಾತ್ರ ಮಾಡಿದ ಮಾರ್ಲಾ ಗಿಬ್ಸ್ ಮೊದಲು ಅದೊಂದೇ ಎಪಿಸೋಡಿಗೆ ಅಂತ ಬಂದವರು. ಆಗ ಅವರು ವಿಮಾನ ಕಂಪನಿಯೊಂದರಲ್ಲಿ ಟಿಕೆಟ್ ಬುಕಿಂಗ್ ಕೆಲಸದಲ್ಲಿದ್ದರು, ಧಾರಾವಾಹಿ ಗೆದ್ದ ಮೇಲೂ ಎರಡು ವರ್ಷ ಆ ಕೆಲಸ ಬಿಡಲಿಲ್ಲ. ಮನೆಯ ಬೆಲ್ ಆದಾಗ ಫ್ಲಾರೆನ್ಸ್ ಕೂತಲ್ಲಿಂದ ಅಲ್ಲಾಡದೆ ಜಾರ್ಜ್ ಕಡೆ ನೋಡುತ್ತಾಳಲ್ಲ, ನಿಮಗೆ ಅದು ಜಗಳವಾಗಿ ಕಂಡಿದೆ. ನನಗೆ ಅವಳು, ನಿನ್ನ ಹಳೇ ಮನೆ ನನಗೆ ಗೊತ್ತು ಮಾರಾಯ, ನನ್ನ ಮುಂದೆ ಈ ಆಟ ಬೇಡ ಅಂದ ಹಾಗೆ ಕಾಣುತ್ತದೆ. ಅವನೂ ಅವಳನ್ನು ಒಂದು ದಿನವೂ ಬಿಟ್ಟುಕೊಡುವುದಿಲ್ಲ. ಹನ್ನೊಂದು ಸೀಸನ್!

ಎಡಿಸನ್_ಅಜ್ಜಿ:

ಕುಕ್ಕರಹಳ್ಳಿಯವರೇ, ಓದಿ ಕಣ್ಣು ತುಂಬಿತು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇದಕ್ಕೆ ಸೇರುವ ಒಂದು ವಿಷಯ. ಲೂಯಿಸ್ ಆಗಿ ನಟಿಸಿದ ಇಸಾಬೆಲ್ ಸ್ಯಾನ್‌ಫರ್ಡ್ 1967ರ ಒಂದು ಹೆಸರಾಂತ ಸಿನಿಮಾದಲ್ಲಿ ಬಿಳಿಯರ ಮನೆಯ ಕೆಲಸದವಳ ಪಾತ್ರ ಮಾಡಿದ್ದರು. ಎಂಟು ವರ್ಷದ ಮೇಲೆ ಮನೆಯೊಡತಿಯಾದರು. 1981ರಲ್ಲಿ ಕಾಮಿಡಿ ಧಾರಾವಾಹಿಯ ಮುಖ್ಯ ನಟಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಹೆಮ್ಸ್‌ಲಿಗಿಂತ ಇಪ್ಪತ್ತು ವರ್ಷ ದೊಡ್ಡವರು, ನೋಡಿದರೆ ಗೊತ್ತಾಗುತ್ತಾ? 1981-82ರ ಸೀಸನ್‌ನಲ್ಲಿ ಇಡೀ ಅಮೆರಿಕದಲ್ಲಿ ಜಾಸ್ತಿ ಜನ ನೋಡಿದ ಕಾರ್ಯಕ್ರಮಗಳಲ್ಲಿ ಇದು ಮೂರನೆಯದು. ಇಷ್ಟೆಲ್ಲ ಇದ್ದು, 253 ಎಪಿಸೋಡ್ ಆದ ಮೇಲೆ 1985ರಲ್ಲಿ ಕೊನೆಯ ಕಂತು ಅಂತ ಒಂದನ್ನೂ ಮಾಡಲು ಬಿಡದೆ, ನಟರಿಗೂ ಮೊದಲೇ ಹೇಳದೆ ನಿಲ್ಲಿಸಿಬಿಟ್ಟರು. ನಾನು ಮುಂದಿನ ವಾರ ಬರುತ್ತದೆ ಅಂತ ಕಾಯುತ್ತಿದ್ದೆ. ಆ ಬೇಸರ ಇನ್ನೂ ಇದೆ.

ದಾವಣಗೆರೆ_ಟು_ಡಲ್ಲಾಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ಸಲ ಓದಿದೆ. ಸಂಕೋಚ ಬಿಟ್ಟು ನಿನ್ನೆ ಸಂಜೆ ಮೇಷ್ಟ್ರನ್ನೂ ಅವರ ಮನೆಯವರನ್ನೂ ಕರೆದೆವು. ನಮ್ಮ ಹಾಲ್‌ನಲ್ಲಿ ಇನ್ನೂ ಅರ್ಧ ಡಬ್ಬಗಳು ಬಿಚ್ಚಿಲ್ಲ, ಅದರ ಮಧ್ಯೆಯೇ ಮಂಡಕ್ಕಿ, ಮಿರ್ಚಿ ಮಾಡಿ ಮೊದಲ ಎಪಿಸೋಡ್ ಹಾಕಿದೆವು. ಟೈಟಲ್ ಹಾಡು ಬಂದ ಕೂಡಲೇ ಮೇಷ್ಟ್ರ ಹೆಂಡತಿ ಚಪ್ಪಾಳೆ ಶುರು ಮಾಡಿದರು, ನನ್ನ ಮಗಳೂ ಸೇರಿಕೊಂಡಳು. ಅದನ್ನು ಹಾಡಿದ್ದು, ಜೊತೆಗೂಡಿ ಬರೆದಿದ್ದು 'ಗುಡ್ ಟೈಮ್ಸ್'ನಲ್ಲಿ ನೆರೆಮನೆಯವಳ ಪಾತ್ರ ಮಾಡಿದ ಜಾನೆಟ್ ಡುಬಾಯ್ ಅಂತ ಅವರಿಂದಲೇ ತಿಳಿಯಿತು.

ಫ್ಲಾರೆನ್ಸ್ ಆ ಮಾತು ಹೇಳಿದಾಗ ನಾನು ಮೇಷ್ಟ್ರ ಕಡೆ ನೋಡಿದೆ. ಅವರು ನಗಲಿಲ್ಲ. ಮುಗಿದ ಮೇಲೆ, ತಮ್ಮ ತಾಯಿ ಇದನ್ನು ಮೊದಲ ಸಲ ನೋಡಿದ್ದು ಕೆಲಸಕ್ಕಿದ್ದ ಮನೆಯ ಅಡುಗೆಕೋಣೆಯಲ್ಲಿ ನಿಂತುಕೊಂಡು ಅಂದರು. ಇನ್ನೊಂದು ಮಿರ್ಚಿ ತಗೊಂಡರು. ನಾನು ಮುಂದೆ ಏನೂ ಕೇಳಲಿಲ್ಲ.

ಶುಕ್ರವಾರ ಅವರ ಮನೆಯಲ್ಲಿ 'ದಿ ಫಸ್ಟ್ ಸ್ಟೋರ್'. ಅಜ್ಜಿ, ಅತ್ತೆ ಬರುವ ಎಪಿಸೋಡುಗಳಲ್ಲಿ ನಿಮಗಿಷ್ಟವಾದದ್ದು ಯಾವುದು ಅಂತ ಹೇಳಿ, ನಮ್ಮಮ್ಮ ಮುಂದಿನ ತಿಂಗಳು ಊರಿಂದ ಬರುತ್ತಿದ್ದಾರೆ.