ಸೇತುವೆ ಬಂತು, ಇನ್ನು ತುಮರಿ ಕಡೆ ವಾಪಸ್ ಹೋಗಬಹುದಾ?

ಹಿನ್ನೀರು_ಹುಡುಗ:
ನಮ್ಮೂರು ತುಮರಿ ಹತ್ತಿರ, ಸಾಗರ ತಾಲ್ಲೂಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ನೀರು ನಿಂತ ಮೇಲೆ ನಮಗೆ ಸಾಗರ ಪೇಟೆ ನಕ್ಷೆಯಲ್ಲಿ ಹತ್ತಿರ, ಕಾಲಿಗೆ ದೂರ ಆಯಿತು. ಹೊಳೆಬಾಗಿಲಲ್ಲಿ ಲಾಂಚ್ (ಜನ, ಗಾಡಿ ದಾಟಿಸುವ ದೋಣಿ) ಹತ್ತಬೇಕಿತ್ತು, ಇಲ್ಲದಿದ್ದರೆ ಕಾರ್ಗಲ್, ಕೋಗಾರ್ ಸುತ್ತಿಕೊಂಡು ಬರಬೇಕಿತ್ತು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತಲ್ಲ, ಆವತ್ತಿನಿಂದ ತಲೆಯಲ್ಲಿ ಒಂದೇ ಯೋಚನೆ. ನಾನು ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಅಪ್ಪನಿಗೆ ಕೈಲಾಗುತ್ತಿಲ್ಲ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ತೋಟದ ಜೊತೆ ಎರಡು ರೂಮಿನ ಹೋಮ್‌ಸ್ಟೇ ಮಾಡಿದರೆ ಬದುಕಬಹುದಾ? ಅಲ್ಲೇ ಇರುವವರು ಹೇಳಿ.

ಸಾಗರದವ:
ಕಣ್ಣು ಮುಚ್ಚಿಕೊಂಡು ಬನ್ನಿ. 2.44 ಕಿ.ಮೀ. ಸೇತುವೆ, ಐದು ನಿಮಿಷದಲ್ಲಿ ಆಚೆ ದಡ. ಸಿಗಂದೂರು ದೇವಸ್ಥಾನಕ್ಕೆ ಬರುವ ಜನ ಈಗ ಅಲ್ಲಿಂದಲೇ ಕೊಲ್ಲೂರಿಗೆ ಹೋಗುತ್ತಾರೆ. ಅವರಿಗೆ ಊಟ ಬೇಕು, ರೂಮು ಬೇಕು. ಲಾಂಚ್ ಕ್ಯೂನಲ್ಲಿ ಮೂರು ಗಂಟೆ ಕಾಯುವ ಕಾಲ ಮುಗಿಯಿತು. ಇನ್ನೂ ಯೋಚನೆ ಮಾಡಿಕೊಂಡು ಕೂತರೆ ಬೆಂಗಳೂರಿನವರು ಬಂದು ನಿಮ್ಮ ಪಕ್ಕದ ಜಾಗ ತಗೊಂಡಿರುತ್ತಾರೆ.

ಬ್ಯಾಕೋಡು_ಭಾವ:
ಮೂರು ಗಂಟೆ ಯಾರು ಕಾಯುತ್ತಿದ್ದರು ಮಾರಾಯ್ರೆ? ಸಿಗಂದೂರಿಗೆ ಬರುವ ಟೂರಿಸ್ಟ್ ಗಾಡಿಗಳು. ಊರಿನ ಗಾಡಿಗೆ ಮೊದಲು ಬಿಡುತ್ತಿದ್ದರು. ಸುಮ್ನೆ ಕತೆ ಕಟ್ಟಬೇಡಿ.

ಸಾಗರದವ:
ಸಂಕ್ರಾಂತಿ ಜಾತ್ರೆ ದಿನ ಬಂದು ನೋಡಿದ್ದೀರಾ? ಊರಿನ ಗಾಡಿಯೂ ಇಲ್ಲ, ದೇವರ ಗಾಡಿಯೂ ಇಲ್ಲ. ರಸ್ತೆ ತುಂಬ ಸಾಲು.

ಬ್ಯಾಕೋಡು_ಭಾವ:
ವರ್ಷಕ್ಕೊಂದು ಜಾತ್ರೆ ಹಿಡಿದುಕೊಂಡು ಮಾತಾಡುತ್ತೀರಲ್ಲ. ನಾನು ಹುಟ್ಟಿದ್ದೇ ಆ ದಡದಲ್ಲಿ. ಲಾಂಚಿನ ಕಬ್ಬಿಣದ ಹಲಗೆ ದಡಕ್ಕೆ ಬಡಿಯುವುದೇ ತಡ, ಮೊದಲು ಬೈಕು ನುಗ್ಗುತ್ತವೆ, ಆಮೇಲೆ ಊರಿನ ಜೀಪು, ಹಾಲಿನ ಗಾಡಿ. ಕಾರುಗಳ ನಡುವೆ ಒಂದು ಮೊಳ ಜಾಗ ಇದ್ದರೆ ಅಲ್ಲೂ ಒಂದು ಬೈಕು ಓರೆಯಾಗಿ ನಿಲ್ಲಿಸುತ್ತಿದ್ದರು. ನಿಮ್ಮ ಕಾರು ಹೊರಗೆ ಉಳಿದಿದ್ದರೆ ಅದು ನಿಮ್ಮ ಹಣೆಬರಹ.

ಟೀಚರ್_ಅಕ್ಕ:
ಇಬ್ಬರೂ ಕ್ಯೂ ಬಿಡಿ. ಸಂಜೆ ಲಾಂಚ್ ನಿಂತ ಮೇಲೆ ಹೊಟ್ಟೆನೋವು ಬಂದ ಗರ್ಭಿಣಿಯನ್ನು ಏನು ಮಾಡುತ್ತಿದ್ದರು, ಅದನ್ನು ಹೇಳಿ. ಆ ಭಯ ಹೋಯಿತಲ್ಲ, ಅಷ್ಟು ಸಾಕು ನನಗೆ. ಆದರೆ ಹುಡುಗ, ಊರಲ್ಲಿ ನೆಟ್‌ವರ್ಕ್ ಹೇಗಿದೆ ಎಂದು ನೋಡಿಕೋ. ನಮ್ಮ ಸೀಮೆಯಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ’ ಎಂದು ಜನ ಬೋರ್ಡು ಹಿಡಿದವರು. ಹೋಮ್‌ಸ್ಟೇ ಬುಕಿಂಗ್ ಯಾವುದರಲ್ಲಿ ತಗೊಳ್ಳುತ್ತೀಯಾ?

ಕೆಎ15_ಗಾಡಿ:
ಊರಿನ ಗಾಡಿಗೆ ಮೊದಲು ಅಂದರಲ್ಲ, ಅದೇ ದೊಡ್ಡ ತಮಾಷೆ. ಕೆಎ15 ನಂಬರ್ ಪ್ಲೇಟ್ ನೋಡಿ ಒಳಗೆ ಬಿಡುತ್ತಿದ್ದರು. ಸಾಗರ ಆರ್‌ಟಿಒ ಗಾಡಿ ಎಲ್ಲ ಹಿನ್ನೀರಿನವರದ್ದಾ? ಸೊರಬದವನೂ ಕೆಎ15, ಬೆಂಗಳೂರಲ್ಲಿ ಮನೆ ಕಟ್ಟಿಕೊಂಡವನೂ ಕೆಎ15. ತುಮರಿಯಲ್ಲಿ ಹುಟ್ಟಿ ಬೆಂಗಳೂರಲ್ಲಿ ಕಾರು ತಗೊಂಡ ನಾನು ಮಾತ್ರ ಟೂರಿಸ್ಟ್!

ಬ್ಯಾಕೋಡು_ಭಾವ:
ಹಂಗಾದರೆ ಈ ಕೆಎ15 ಹೆಸರು ಯಾಕೆ ಇಟ್ಟುಕೊಂಡಿರಿ? ಬೆಂಗಳೂರು ಗಾಡಿ, ಸಾಗರದ ಹೆಸರು. ಮುಖ ನೋಡಿ ಬಿಡುತ್ತಿದ್ದರು, ಪ್ಲೇಟ್ ನೋಡಿ ಅಲ್ಲ. ನಿಮ್ಮ ಮುಖ ಅವರಿಗೆ ಮರೆತಿತ್ತು ಅಷ್ಟೆ.

ಕೆಎ15_ಗಾಡಿ:
ಮುಖ ಮರೆಯುವಷ್ಟು ದೂರ ಹೋಗಿದ್ದು ನನ್ನ ಶೋಕಿಗಲ್ಲ. ಪಿಯುಸಿ ಆದ ಮೇಲೆ ಓದುವುದಕ್ಕೆ ಏನಿತ್ತು ಅಲ್ಲಿ? ನಿಮ್ಮ ಮಕ್ಕಳು ಎಲ್ಲಿದ್ದಾರೆ, ಸ್ವಲ್ಪ ಹೇಳಿ.

ಬ್ಯಾಕೋಡು_ಭಾವ:
ಮಕ್ಕಳ ವಿಷಯ ಎತ್ತಬೇಡಿ. ಮಾತು ನಡೆಯುತ್ತಿರುವುದು ಲಾಂಚ್ ಬಗ್ಗೆ.

ಸಾಗರದವ:
ಲಾಂಚ್ ಬಗ್ಗೆಯೇ ಹೇಳುತ್ತೇನೆ. 2023ರಲ್ಲಿ ಮಳೆ ತಡವಾಗಿ ನೀರು ಇಳಿದಾಗ ವಾಹನ ಹಾಕುವುದನ್ನೇ ನಿಲ್ಲಿಸಿದರು. ಆಗ ಎಲ್ಲಿ ಹೋಗಿತ್ತು ನಿಮ್ಮ ಮುಖಪರಿಚಯ?

ಬ್ಯಾಕೋಡು_ಭಾವ:
ಅದು ಮಳೆಯ ತಪ್ಪು. ಡ್ಯಾಮಿನ ಪೂರ್ಣ ಮಟ್ಟ 1819 ಅಡಿ. ತುಂಬಿದ ವರ್ಷಗಳ ಲೆಕ್ಕವನ್ನೂ ತೆಗೆಯಿರಿ. ಒಂದು ಕೆಟ್ಟ ಬೇಸಿಗೆ ತೋರಿಸಿ ಲಾಂಚನ್ನು ಬಯ್ಯುವುದು ಸುಲಭ. ಅದೇ ಲಾಂಚ್ ಹತ್ತಿ ನಮ್ಮ ಇಡೀ ಸೀಮೆಯ ಮದುವೆ ದಿಬ್ಬಣ ಹೋಗಿದೆ.

ಟೀಚರ್_ಅಕ್ಕ:
ಮದುವೆ ದಿಬ್ಬಣ ಹೋಯಿತು, ನಿಜ. ಎಷ್ಟು ಹುಡುಗಿಯರು ಸಾಗರದ ದಡದಿಂದ ತುಮರಿ ದಡಕ್ಕೆ ಸೊಸೆಯಾಗಿ ಬರುವುದಕ್ಕೆ ಒಪ್ಪಿದರು, ಅದನ್ನೂ ಹೇಳಿ ಭಾವ.

ಸಾಗರದವ:
😂😂 ಭಾವ ಈಗ ಮಾತಾಡಲ್ಲ.

ಬ್ಯಾಕೋಡು_ಭಾವ:
ನಗಿ ನಗಿ. ಸೇತುವೆ ಮೇಲೆ ಸೆಲ್ಫಿ ತೆಗೆಯುವವರಿಗೆ ನಗು ಬರುತ್ತದೆ. ಹೊಳೆಬಾಗಿಲಲ್ಲಿ ಚಾ, ಮಂಡಕ್ಕಿ ಮಾರಿ ಬದುಕಿದವರ ಅಂಗಡಿ ಮುಂದೆ ಈಗ ಯಾರು ನಿಲ್ಲುತ್ತಾರೆ? ಗಾಡಿ ಎಲ್ಲ ಸೀದಾ ಮೇಲಿಂದ ಹೋಗುತ್ತವೆ. ಅದೇ ಕತೆ ಇವನ ಹೋಮ್‌ಸ್ಟೇಗೂ. ಐದು ನಿಮಿಷದಲ್ಲಿ ದಾಟುವವನು ರಾತ್ರಿ ಯಾಕೆ ಉಳಿಯುತ್ತಾನೆ? ಲಾಂಚ್ ತಪ್ಪಿದವನು ಉಳಿಯುತ್ತಿದ್ದ!

ಮುಳುಗಡೆ_ಮೊಮ್ಮಗ:
ಇಷ್ಟು ಹೊತ್ತಿಗೆ ಒಂದು ಕೆಲಸದ ಮಾತು ಬಂತು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ. ಹುಡುಗ, ಆ ಒಂದೂವರೆ ಎಕರೆಯ ಪಹಣಿ ಯಾರ ಹೆಸರಲ್ಲಿದೆ? ನಮ್ಮಜ್ಜನ ಮನೆ, ಗದ್ದೆ ಎರಡೂ ನೀರಿನೊಳಗಿವೆ. ಎತ್ತಂಗಡಿ ಮಾಡಿದವರು ಕಾಡು ತೋರಿಸಿ ಇಲ್ಲಿರಿ ಎಂದರು. ಕಾಗದ ಕೊಡಲಿಲ್ಲ. ಕೊಟ್ಟ ಕಡೆ ಮಾಡಿದ ಡಿನೋಟಿಫಿಕೇಶನ್ (ಅರಣ್ಯದಿಂದ ಜಾಗ ಕೈಬಿಟ್ಟ ಆದೇಶ) 2021ರಲ್ಲಿ ಹೈಕೋರ್ಟಲ್ಲಿ ಬಿದ್ದುಹೋಯಿತು. ಅರಣ್ಯ ಹಕ್ಕು ಕಾಯ್ದೆಗೆ ಅರ್ಜಿ ಹಾಕಿ ಅಂದರು. ಬುಡಕಟ್ಟಿನವರಲ್ಲದಿದ್ದರೆ 2005ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಅಂದರೆ 1930. ನಮ್ಮನ್ನು ಅಲ್ಲಿಗೆ ತಂದು ಬಿಟ್ಟದ್ದೇ 1960ರ ದಶಕದಲ್ಲಿ. ನೀರಿನೊಳಗೆ ಇಳಿದು ದಾಖಲೆ ತರಬೇಕಾ?

ಸಾಗರದವ:
ನೀರಿನೊಳಗೆ ಅಂದ ಕೂಡಲೇ ನೆನಪಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರ ಡ್ಯಾಮ್ ಕಾಣುತ್ತದೆ. 1948ರದ್ದು, ಲಿಂಗನಮಕ್ಕಿ ಬಂದು ಮುಳುಗಿಸಿದ್ದು. ಒಂದು ಡ್ಯಾಮಿನೊಳಗೆ ಇನ್ನೊಂದು ಡ್ಯಾಮ್! ಅದನ್ನು ನೋಡಲಿಕ್ಕೇ ಜನ ಬರುತ್ತಾರೆ. ಒಳ್ಳೆ ಪ್ಯಾಕೇಜ್ ಆಗುತ್ತದೆ.

ಮುಳುಗಡೆ_ಮೊಮ್ಮಗ:
ನಾನು ಹೇಳಿದ್ದೇನು, ನೀವು ಕೇಳಿಸಿಕೊಂಡದ್ದೇನು? ನಮ್ಮನೆ ಮುಳುಗಿದ್ದು ನಿಮಗೆ ಪ್ಯಾಕೇಜಾ? ಅದರ ಕರೆಂಟಲ್ಲಿ ಇಡೀ ರಾಜ್ಯ ಬೆಳಗಿತು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಚಿಮಣಿ ಬುಡ್ಡಿ ಇತ್ತು.

ಕೆಎ15_ಗಾಡಿ:
ಈಗ ಕರೆಂಟ್ ಇದೆಯಲ್ಲ. ಎಷ್ಟು ವರ್ಷ ಅದೇ ಬುಡ್ಡಿ ಹಿಡಿದು ಓಡಾಡುತ್ತೀರಿ? ಕಾಗೋಡು ಸತ್ಯಾಗ್ರಹ ಆಗಿದ್ದು 1951ರಲ್ಲಿ. ಉಳುವವನಿಗೆ ಭೂಮಿ ಎಂದು ಕೇಳಿದ ತಾಲ್ಲೂಕು ಇದು. ಬಗರ್‌ಹುಕುಂ (ಸಾಗುವಳಿ ಮಾಡಿದ ಸರ್ಕಾರಿ ಜಾಗ ಸಕ್ರಮ) ಅರ್ಜಿ ಹಾಕಿ, ಆಫೀಸು ಸುತ್ತಿ, ಆಗುತ್ತದೆ.

ಮುಳುಗಡೆ_ಮೊಮ್ಮಗ:
ಬಗರ್‌ಹುಕುಂ ಅರಣ್ಯ ಜಾಗಕ್ಕೆ ನಡೆಯುವುದಿಲ್ಲ ಸ್ವಾಮಿ. ಮೊದಲು ಅದು ತಿಳ್ಕೊಳ್ಳಿ. 2019ರಲ್ಲಿ ಸಿಂಗಳೀಕ ಅಭಯಾರಣ್ಯ ಅಂತ ಇನ್ನೊಂದು ಗೆರೆ ಬೇರೆ ಎಳೆದಿದ್ದಾರೆ.

ಅಡಿಕೆಮರ:
ಸಿಂಗಳೀಕ ಅಂದಿರಲ್ಲ, ಕಾಡಿನ ಮಂಗ, ಅದೇ 2019ರಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆಗೆ ಜನ ಸತ್ತರು. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಕಂಡ ಕಾಯಿಲೆ, ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಇಳಿಯುವವನು ಕಾಯಿಲೆ ಹರಡುವ ಉಣ್ಣಿ ಕಚ್ಚದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಂಡೇ ಇಳಿಯಬೇಕು. ಇನ್ನು ಅಡಿಕೆಗೆ ಎಲೆಚುಕ್ಕಿ ರೋಗ. ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ ಬೀಳುತ್ತದೆ. ಚುಕ್ಕಿಗೆ ಚುಕ್ಕಿ ಸೇರಿ ಸೋಗೆ ಒಣಗುತ್ತದೆ. ಮದ್ದು ಹೊಡೆಯಲು ಮರ ಹತ್ತುವ ಆಳು ಸಿಗಲ್ಲ. ಒಂದೂವರೆ ಎಕರೆ ನಂಬಿ ಕೆಲಸ ಬಿಡಬೇಡಿ ತಮ್ಮಾ.

ಸಾಗರದವ:
ಸಿಂಗಳೀಕಕ್ಕೂ ಮಂಗನ ಕಾಯಿಲೆಗೂ ಗಂಟು ಹಾಕಬೇಡಿ. ಹೆದರಿಸುವುದೇ ಕೆಲಸ ನಿಮಗೆಲ್ಲ.

ಅಡಿಕೆಮರ:
ಗಂಟು ಹಾಕಿದ್ದು ಎಲ್ಲಿ? ಎಲೆಚುಕ್ಕಿಗೆ ಉತ್ತರ ಕೊಡಿ.

ಸಾಗರದವ:
ಅಡಿಕೆ ರೇಟು ನೋಡಿ, ಉತ್ತರ ಅಲ್ಲೇ ಇದೆ.

ಟೀಚರ್_ಅಕ್ಕ:
ರೇಟು ಇರುವುದು ಅಡಿಕೆ ಗೊನೆ ಇಳಿಸಿದವನಿಗೆ. ಚುಕ್ಕಿ ಬಿದ್ದ ಮರಕ್ಕೆ ಯಾವ ರೇಟು? ಹುಡುಗ, ಕೆಲಸ ಬಿಡುವ ಮೊದಲು ಒಂದು ಮಳೆಗಾಲ ಪೂರ್ತಿ ಊರಲ್ಲಿದ್ದು ನೋಡು. ಅಪ್ಪನಿಗೂ ಆಸರೆ ಆಗುತ್ತದೆ.

ಬ್ಯಾಕೋಡು_ಭಾವ:
ಮಳೆಗಾಲ ಇದ್ದು ನೋಡಲಿ, ನಾನೂ ಅದೇ ಹೇಳುತ್ತಿದ್ದದ್ದು. ಆದರೆ ಮೇಲೆ ಒಬ್ಬರು ಪ್ಲೇಟ್ ನೋಡಿ ಬಿಡುತ್ತಿದ್ದರು ಎಂದರಲ್ಲ, ಅದಕ್ಕೆ ಇನ್ನೂ ಪುರಾವೆ ಕೊಟ್ಟಿಲ್ಲ.

ಕೆಎ15_ಗಾಡಿ:
ಪುರಾವೆ ನಾನೇ. ಎರಡು ಲಾಂಚ್ ಬಿಟ್ಟು ದಡದಲ್ಲಿ ನಿಂತವನು.

ಹಿನ್ನೀರು_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನ್ ಮಾಡಿ ಪಹಣಿ ಕೇಳಿದೆ. ಅರ್ಧ ಎಕರೆ ಅಜ್ಜನ ಹೆಸರಲ್ಲಿದೆ. ಉಳಿದದ್ದು ಅರಣ್ಯ ಒತ್ತುವರಿ ಎಂದು ನೋಟಿಸ್ ಬಂದಿತ್ತಂತೆ. ನನಗೆ ಹೇಳಿರಲಿಲ್ಲ.

ಸಾಗರದವ:
ಎರಡು ರೂಮು ಕಟ್ಟುವುದಕ್ಕೆ ಅರ್ಧ ಎಕರೆ ಬೇಕಾದಷ್ಟಾಯಿತು.

ಕೆಎ15_ಗಾಡಿ:
ಮೊದಲು ಒಂದೂವರೆ ಎಕರೆ ಅಂದಿದ್ದಿರಿ ಅಲ್ವಾ?