ನೋಟಿಸ್ ಅಂಟಿಸಿದ ಗೇಟಿಗೆ ಬಣ್ಣ ಹೊಡೆಸಿದರು, ಮುಂದೇನು? (ವಕೀಲರನ್ನು ಕೇಳಿ)

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ):

ಮೇಡಂ ನಮಸ್ತೆ. ನಮ್ಮದು ಮಹಾನಗರ ಪಾಲಿಕೆ ವ್ಯಾಪ್ತಿಯ ಬಡಾವಣೆ, 30×40 ಸೈಟು. ನಾವು ಮನೆ ಕಟ್ಟುವಾಗ ಪ್ಲಾನಿನಲ್ಲಿ ತೋರಿಸಿದಷ್ಟು ಜಾಗವನ್ನು ನಾಲ್ಕೂ ಕಡೆ ಬಿಟ್ಟಿದ್ದೇವೆ. ಪಕ್ಕದವರು ಎರಡು ಅಂತಸ್ತಿಗೆ ಅನುಮತಿ ಪಡೆದು ನಾಲ್ಕು ಎಬ್ಬಿಸಿದ್ದಾರೆ, ಒಂದಿಂಚೂ ಜಾಗ ಬಿಟ್ಟಿಲ್ಲ. ಅವರ ಬಾಲ್ಕನಿ ನಮ್ಮ ಕಾಂಪೌಂಡಿನ ಮೇಲೇ ಚಾಚಿಕೊಂಡಿದೆ. ಅಡುಗೆಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ದೂರು ಕೊಟ್ಟೆವು. ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದು, ಗೇಟಿಗೆ ನೋಟಿಸ್ ಅಂಟಿಸಿ ಹೋದರು. ಮರುದಿನವೇ ಮನೆಯವರು ಪೇಂಟರ್ ಕರೆಸಿ, ನೋಟಿಸ್ ಮೇಲೆಯೇ ಬಣ್ಣ ಹೊಡೆಸಿದರು! ಆಗ ಮೂರನೆಯ ಮಹಡಿಗೆ ಸೆಂಟ್ರಿಂಗ್ ನಡೆದಿತ್ತು. ಈಗ ನಾಲ್ಕನೆಯದರಲ್ಲಿ ಬಾಡಿಗೆಯವರು ಇದ್ದಾರೆ. ಎಂಜಿನಿಯರನ್ನು ಕೇಳಿದರೆ ‘ನೋಟಿಸ್ ಕೊಟ್ಟಿದೀವಲ್ಲ ಸರ್’ ಅಂತಾರೆ. ಕಾನೂನು ಪಾಲಿಸಿದ ನಾವೇ ದಡ್ಡರಾದೆವಾ?

ವಕೀಲರ ಉತ್ತರ:

ದಡ್ಡರಲ್ಲ. ಆದರೆ ನಿಮ್ಮ ಎಂಜಿನಿಯರ್ ಬಲು ಜಾಣರು. ‘ನೋಟಿಸ್ ಕೊಟ್ಟಿದೀವಿ’ ಎನ್ನುವ ಮಾತು ನಿಜ, ಅದರ ಒಳಗೇ ಆಟ ಇರುವುದು.

ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ 321ನೇ ಕಲಮನ್ನು ನೋಡಿ. ಅಕ್ರಮ ಕಟ್ಟಡ ಕಂಡರೆ ಮೊದಲು 321(1)ರಡಿ ತಾತ್ಕಾಲಿಕ ಆದೇಶ. ಅದರ ಪ್ರತಿಯೊಂದಿಗೆ ‘ಯಾಕೆ ಕೆಡವಬಾರದು, ಕಾರಣ ಹೇಳಿ’ ಎಂದು ಮಾಲೀಕರಿಗೆ 321(2)ರ ನೋಟಿಸ್. ಅವರ ಉತ್ತರ ಕೇಳಿದ ಮೇಲೆ 321(3)ರಡಿ ಆದೇಶವನ್ನು ಸ್ಥಿರೀಕರಿಸಬೇಕು. ಕೆಡವುವ ಬಲ ಬರುವುದು ಈ ಮೂರನೆಯ ಮೆಟ್ಟಿಲಲ್ಲಿ. ನನ್ನ ಕಣ್ಣಿಗೆ ಬಿದ್ದ ಫೈಲುಗಳಲ್ಲಿ ಹೆಚ್ಚಿನವು ಎರಡು-ಮೂರನೆಯ ಮೆಟ್ಟಿಲುಗಳ ನಡುವೆಯೇ ಮಲಗಿರುತ್ತವೆ. ದೂರುದಾರರಿಗೆ ತೋರಿಸಲು ಕಾಗದ ಉಂಟು, ಮಾಲೀಕರನ್ನು ಆಗಾಗ ಮಾತಾಡಿಸಲು ಅದೇ ಕಾಗದ ಉಂಟು. ಫೈಲು ಮುಗಿದುಹೋದರೆ ಇಬ್ಬರಿಗೂ ಎಂಜಿನಿಯರರ ಅಗತ್ಯವಿಲ್ಲ.

ನಿಯಮಕ್ಕೆ ಕುತ್ತು ಬರುವುದು ಪಕ್ಕದ ಮನೆಯವರಿಂದ ಅಂತ ನನಗನಿಸುವುದಿಲ್ಲ. ಮುರಿಯುವವರು ಎಲ್ಲ ಕಾಲಕ್ಕೂ ಇದ್ದರು. ಜಾರಿ ಮಾಡಬೇಕಾದವರು ಮುಕ್ಕಾಲು ದಾರಿಗೆ ತಂದು ನಿಲ್ಲಿಸಿದಾಗ ಕುತ್ತು. ಹೀಗಾದೀತು ಎಂದು ಶಾಸನ ಮಾಡಿದವರಿಗೂ ಗೊತ್ತಿತ್ತು. ಅಕ್ರಮ ಕಟ್ಟಡ ತಡೆಯದೆ ಕೈಕಟ್ಟಿ ಕೂತ ಅಧಿಕಾರಿಗೇ ದಂಡನೆ ಎಂದು 321-ಬಿ ಅನ್ನುವ ಕಲಮನ್ನು ಅದೇ ಕಾಯ್ದೆಗೆ ಸೇರಿಸಿದ್ದಾರೆ. ಅದನ್ನು ಬಳಸಿದ್ದನ್ನು ನಾನಂತೂ ನೋಡಿಲ್ಲ.

ಈಗ ಮಾಡಬೇಕಾದ್ದು: ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪಕ್ಕದ ಸೈಟಿನ ಮಂಜೂರಾದ ನಕ್ಷೆಯ ಪ್ರತಿ ಕೇಳಿ, ‘321(3)ರ ಆದೇಶ ಆಗಿದೆಯೇ, ಆಗಿದ್ದರೆ ಪ್ರತಿ ಕೊಡಿ’ ಎಂದೂ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾಯಿಮಾತಿನ ದೂರು ಬೇಡ, ಆಯುಕ್ತರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇಷ್ಟಾಗಿಯೂ ಅಲುಗಾಡದಿದ್ದರೆ ಹೈಕೋರ್ಟಿನಲ್ಲಿ ರಿಟ್, ಅಂದರೆ ಪಾಲಿಕೆ ತನ್ನ ಕರ್ತವ್ಯ ಮಾಡುವಂತೆ ಆದೇಶಿಸಿ ಎಂದು ಕೇಳುವ ಅರ್ಜಿ. ಬಣ್ಣ ಹೊಡೆದ ಗೇಟಿನ ಫೋಟೊ ಇದ್ದರೆ ಜೋಪಾನವಾಗಿಡಿ.

ಇನ್ನೊಬ್ಬ ಸದಸ್ಯರು:

ಮೇಡಂ, ಅವರ ಪ್ಲಾನು, ಅವರ ದುಡ್ಡು. ನೆರೆಯವರಿಗೆ ಕೇಸು ಹಾಕುವ ಹಕ್ಕು ಎಲ್ಲಿದೆ? ಅಷ್ಟೊಂದು ಖರ್ಚು ಮಾಡಿ ಕಟ್ಟಿದ್ದನ್ನು ಯಾವ ಕೋರ್ಟೂ ಕೆಡವಿಸಲ್ಲ.

ವಕೀಲರು:

ಇದಕ್ಕೆ ಉತ್ತರ ಉಡುಪಿಯಿಂದಲೇ ಬಂದಿದೆ, ಅದೂ 1974ರಲ್ಲಿ. ಅಲ್ಲಿನ ಪುರಸಭೆ ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಭವನಕ್ಕೆಂದು ಪರವಾನಗಿ ಕೊಟ್ಟಿತ್ತು. ಆಮೇಲೆ ಅದನ್ನೇ ಸಿನಿಮಾ ಥಿಯೇಟರ್ ಮಾಡಲು ಬದಲಾದ ನಕ್ಷೆಗೂ ಒಪ್ಪಿಗೆ ಕೊಟ್ಟಿತು. ನೆರೆಯ ನಿವಾಸಿ ರಾಮದಾಸ ಶೆಣೈ ಕೋರ್ಟಿಗೆ ಹೋದರು. ಹೈಕೋರ್ಟು, ಒಪ್ಪಿಗೆ ಕೊಟ್ಟದ್ದು ನಗರ ಯೋಜನೆಗೆ ವಿರುದ್ಧ ಹೌದು, ಆದರೆ ಕಟ್ಟುವವರು ಹಣ ಹಾಕಿರಬಹುದು, ಮುಟ್ಟುವುದು ಬೇಡ ಎಂದಿತು. ನೀವೀಗ ಹೇಳಿದ್ದೂ ಅದನ್ನೇ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪುರಸಭೆಗೆ ಕಾನೂನು ಕೊಡದ ಅಧಿಕಾರ ಯಾರದೋ ಖರ್ಚಿನಿಂದ ಹುಟ್ಟಿಕೊಳ್ಳುವುದಿಲ್ಲ, ಆ ಬೀದಿಯಲ್ಲಿ ವಾಸಿಸುವವರಿಗೆ ಯೋಜನೆ ಪಾಲಿಸಿ ಎಂದು ಕೇಳುವ ಹಕ್ಕಿದೆ ಎಂದು ಹೇಳಿ ಒಪ್ಪಿಗೆಯನ್ನು ರದ್ದು ಮಾಡಿತು. ಅಕ್ರಮ ಕಟ್ಟಡದ ಕೇಸುಗಳಲ್ಲಿ ನಾವು ಇವತ್ತಿಗೂ ಅದನ್ನು ಉಲ್ಲೇಖಿಸುತ್ತೇವೆ.

‘ಯಾವ ಕೋರ್ಟೂ ಕೆಡವಿಸಲ್ಲ’ ಎಂದಿರಿ. ನೋಯ್ಡಾದ ಅವಳಿ ಗೋಪುರಗಳು ನೆನಪಿವೆಯೇ? ಅಲ್ಲಿನ ನಿವಾಸಿಗಳು 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋದರು, 2014ರಲ್ಲಿ ಗೆದ್ದರು, 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 2022ರ ಆಗಸ್ಟ್ 28ರಂದು ಸಿಡಿಮದ್ದಿಟ್ಟು ಉರುಳಿಸಿದರು. ಹತ್ತು ವರ್ಷ ಹಿಡಿಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಮತ್ತೊಬ್ಬರು:

ಹೇಗೂ ಅಕ್ರಮ-ಸಕ್ರಮ ಬರುತ್ತಲ್ಲ ಮೇಡಂ, ದಂಡ ಕಟ್ಟಿದರೆ ಮುಗೀತು. ಸರ್ಕಾರಕ್ಕೂ ದುಡ್ಡು, ಜನಕ್ಕೂ ನೆಮ್ಮದಿ.

ವಕೀಲರು:

‘ಹೇಗೂ ಬರುತ್ತಲ್ಲ’ ಅಂದಿರಲ್ಲ, ಅದನ್ನು ನಾನು ದಿನಾ ಕೇಳುತ್ತೇನೆ. ತಳಪಾಯ ಹಾಕುವಾಗಲೇ ಕಂಟ್ರಾಕ್ಟರು ಮಾಲೀಕರ ಕಿವಿಯಲ್ಲಿ ಹೇಳುವ ಮಂತ್ರ ಇದು. ಇತಿಹಾಸ ನೋಡಿ: 2007ರಲ್ಲಿ ಕಾಯ್ದೆಗೆ ತಿದ್ದುಪಡಿ, 2014ರಲ್ಲಿ ನಿಯಮಗಳು. ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಕಟ್ಟಿಸಿಕೊಂಡು ಒಮ್ಮೆ ಮಾತ್ರ ಮನ್ನಿಸುವ ಯೋಜನೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅರ್ಧದಷ್ಟು ಮೀರಿದರೂ ಮಾಫಿ ಉಂಟು ಅಂದಮೇಲೆ ನಕ್ಷೆ ಬರೆದುಕೊಡುವ ಎಂಜಿನಿಯರ್ ಏನು ಮಾಡುತ್ತಾನೆ? ಆ ಅರ್ಧವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾನೆ. ಬಡವರ ಸಣ್ಣ ಮನೆಗಳ ಬಗ್ಗೆ ಕರುಣೆ ಬೇಕು, ಒಪ್ಪುತ್ತೇನೆ. ಆದರೆ ಅವರ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಮೊದಲು ನುಗ್ಗುವವರು ಪಿ.ಜಿ. ಕಟ್ಟಿದವರು.

ಇನ್ನೂ ಒಂದು. 2024ರ ಡಿಸೆಂಬರ್ 17ರಂದು ಮೀರತ್ತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳ ವಿಳಂಬವಾಗಲಿ ಕಟ್ಟಲು ಸುರಿದ ಹಣವಾಗಲಿ ಅಕ್ರಮಕ್ಕೆ ಗುರಾಣಿಯಾಗದು ಎಂದಿದೆ. ಸ್ವಾಧೀನಾನುಭವ ಪತ್ರ, ಅಂದರೆ ಒ.ಸಿ. ಇಲ್ಲದೆ ಕರೆಂಟು, ನೀರು ಕೊಡಬೇಡಿ ಎಂದೂ ಹೇಳಿತು. 2025ರಲ್ಲಿ ನಮ್ಮ ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಒ.ಸಿ. ಕೇಳತೊಡಗಿದಾಗ ಎಷ್ಟು ಜನ ಒದ್ದಾಡಿದರು ಎಂದು ನೀವೇ ನೋಡಿದ್ದೀರಿ.

ಹುಬ್ಬಳ್ಳಿ ಕಡೆಯ ಸದಸ್ಯರು:

ಮೇಡಂ, ಎಷ್ಟಂತ ಕೋರ್ಟಿಗೆ ಓಡ್ಯಾಡೋದ್ರಿ? ಉತ್ತರ ಪ್ರದೇಶದಾಗ ಮಾಡಿಧಂಗ ಒಂದ್ ಜೆಸಿಬಿ ತಂದ್ ನಿಂದ್ರಿಸಿದ್ರ ಒಂದ್ ತಾಸಿನಾಗ ಎಲ್ಲಾ ಸರಿ ಹೋಗ್ತೈತಿ.

ವಕೀಲರು:

ಸರ್, ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಆ ಜೆಸಿಬಿ ಯಾರ ಮನೆ ಮುಂದೆ ನಿಲ್ಲಬೇಕು ಎಂದು ಹೇಳುವವರು ಯಾರು? ಮೇಲಿನ ನೋಟಿಸ್ ಫೈಲನ್ನು ಮಲಗಿಸಿದರಲ್ಲ, ಅದೇ ಕಚೇರಿಯವರು. ಫೈಲು ಓಡಿಸದವರ ಕೈಗೆ ಫೈಲೇ ಬೇಡದ ಅಧಿಕಾರ ಕೊಟ್ಟರೆ ಮೊದಲು ಬೀಳುವುದು ಅವರಿಗಾಗದವರ ಗೋಡೆ.

ಇದಕ್ಕೇ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿತು. ಆರೋಪಿ ಎಂಬ ಕಾರಣಕ್ಕೆ ಯಾರ ಮನೆಯನ್ನೂ ಕೆಡವುವಂತಿಲ್ಲ. ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ ಕಟ್ಟಡಕ್ಕೂ ಅಂಟಿಸಬೇಕು, ಕನಿಷ್ಠ 15 ದಿನ ಸಮಯ ಕೊಡಬೇಕು, ಅಹವಾಲು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಆದೇಶವಾದ ಮೇಲೂ ಮತ್ತೆ 15 ದಿನ ಕಾಯಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು. ತಪ್ಪಿದರೆ ಅಧಿಕಾರಿಯೇ ಸ್ವಂತ ದುಡ್ಡಿನಿಂದ ಕಟ್ಟಿಸಿಕೊಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ-ಕೆರೆ ಜಾಗದ ಒತ್ತುವರಿಗೆ ಮತ್ತು ಕೋರ್ಟೇ ತೆರವಿಗೆ ಆದೇಶಿಸಿದ್ದಕ್ಕೆ ಇದು ಅನ್ವಯಿಸದು.

ಹುಬ್ಬಳ್ಳಿ ಕಡೆಯ ಸದಸ್ಯರು:

ಅಂದ್ರ ಅಕ್ರಮ ಕಟ್ಟಿದಾಂವಗೂ ಇಷ್ಟೆಲ್ಲಾ ಮರ್ಯಾದಿ ಕೊಡಬೇಕನ್ರಿ?

ವಕೀಲರು:

ಕೊಡಬೇಕ್ರಿ. ಎಲ್ಲ ಕೂಡಿಸಿದರೂ ಒಂದೆರಡು ತಿಂಗಳ ಕೆಲಸ. ವರ್ಷಗಟ್ಟಲೆ ಎಳೆದದ್ದು ಈ ಕ್ರಮ ಅಲ್ಲ, ಕ್ರಮ ಶುರು ಮಾಡಿ ಬಿಟ್ಟಿದ್ದು.

ಮೊದಲ ಪ್ರಶ್ನೆ ಕೇಳಿದವರು:

ಮೇಡಂ, ತುಂಬಾ ಥ್ಯಾಂಕ್ಸ್. ಮಾಹಿತಿ ಹಕ್ಕಿನ ಅರ್ಜಿ ನಾಳೆಯೇ ಹಾಕುತ್ತೇನೆ. ಹೈಕೋರ್ಟಿನಲ್ಲಿ ನಮ್ಮ ಪರ ಆದೇಶ ಆದರೂ ಪಾಲಿಕೆಯವರು ಹೀಗೇ ಸುಮ್ಮನಿದ್ದರೆ? ಮತ್ತೆ ಒಂದು ಸಣ್ಣ ವಿಷಯ… ನಮ್ಮ ಟೆರೇಸಿನಲ್ಲೂ ಒಂದು ಶೀಟ್ ರೂಮಿದೆ. ಅಮ್ಮನ ಹಪ್ಪಳ-ಸಂಡಿಗೆ ಡಬ್ಬಿ ಇಡೋಕೆ ಹಾಕಿಸಿದ್ದು, ಪ್ಲಾನಿನಲ್ಲಿ ಇಲ್ಲ. ಏನಾದರೂ ತೊಂದರೆ ಆಗುತ್ತಾ?

ವಕೀಲರು:

ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ. ಆದರೆ ಒಂದು ವರ್ಷದೊಳಗೆ ಹಾಕಬೇಕು, 1971ರ ಕಾಯ್ದೆಯ 20ನೇ ಕಲಮು. ‘ಮಾಡ್ತೀವಿ ಸರ್, ಮುಂದಿನ ವಾರ’ ಎಂದು ಹನ್ನೆರಡು ತಿಂಗಳು ದಾಟಿಸುವವರಿದ್ದಾರೆ. ಆದೇಶದ ಪ್ರತಿ ಕೈಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಕ್ಕದವರು ಪಾಲಿಕೆಯ 321(3)ರ ಆದೇಶದ ವಿರುದ್ಧ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋದರೆ, ನಿಮ್ಮನ್ನೂ ಪಕ್ಷಗಾರರಾಗಿ ಸೇರಿಸಿಕೊಳ್ಳಲು ಅರ್ಜಿ ಹಾಕಿ. ಇಲ್ಲದಿದ್ದರೆ ತಡೆಯಾಜ್ಞೆ ಬಂದದ್ದೇ ನಿಮಗೆ ತಿಳಿಯುವುದಿಲ್ಲ.

ಶೀಟ್ ರೂಮು: ಆಗುತ್ತೆ. ರಿಟ್ಟಿಗೆ ಬಂದವರ ಕೈ ಶುದ್ಧವಾಗಿದೆಯೇ ಎಂದು ನ್ಯಾಯಮೂರ್ತಿಗಳು ನೋಡುತ್ತಾರೆ, ಎದುರು ವಕೀಲರಂತೂ ಫೋಟೊ ಸಮೇತ ಬರುತ್ತಾರೆ. ಅಮ್ಮನ ಡಬ್ಬಿಗಳನ್ನು ಕೆಳಗಿಳಿಸಿ. ಶೀಟು ತೆಗೆಸಿ, ಖಾಲಿ ಟೆರೇಸಿನ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ನನ್ನ ಬಳಿ ಬನ್ನಿ.